ಹಿತ್ತಲ ಗಿಡದ ಹಳೆಯ ದಾರಿ: ಸನ್ನತಿಯ ಕಲ್ಲಿನಿಂದ ಬಚ್ಚಲ ನೀರಿನವರೆಗೆ

ಯುಗಾದಿ ಹತ್ತಿರ ಬಂದಿದೆ. ನಮ್ಮ ಕಲಬುರಗಿ ಸೀಮೆಯಲ್ಲಿ ಬೇವು ಎಂದರೆ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ಮುಖ ಕಿವುಚುವ ಬೇವು-ಬೆಲ್ಲ ಅಲ್ಲ. ಹೊಸ ಮಣ್ಣಿನ ಗಡಿಗೆಯಲ್ಲಿ ಕಲಸಿ, ಬಂದವರಿಗೆಲ್ಲ ಲೋಟ ತುಂಬಿ ಕೊಡುವ ಬೇವು. ಆ ಗಡಿಗೆಯೊಳಗೆ ಏನಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹೊಸ ಹುಣಸೆಹಣ್ಣಿನ ರಸ, ಬೆಲ್ಲ, ಮಾವಿನಕಾಯಿಯ ತುರಿ, ಬೇವಿನ ಹೂ, ಕೈಲಾದಷ್ಟು ದ್ರಾಕ್ಷಿ, ಗೋಡಂಬಿ, ಪುಠಾಣಿ.

ಇದರಲ್ಲಿ ಬೆಲ್ಲ, ದ್ರಾಕ್ಷಿ, ಗೋಡಂಬಿ ಅಂಗಡಿಯವು. ಹುಣಸೆ, ಮಾವು, ಬೇವಿನ ಹೂ ಮಾತ್ರ ಮೊದಲಿನಿಂದ ಹಿತ್ತಲಿನವು. ಈಗ ಅವೂ ಸಂತೆಯಿಂದ ಬರುತ್ತಿವೆ. ಹೋದ ವರ್ಷ ಪೇಟೆಯಲ್ಲಿ ಬೇವಿನ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹತ್ತು ರೂಪಾಯಿಗೆ ಮಾರುವುದನ್ನು ನೋಡಿ ನಮಗೆ ಒಂದು ಪ್ರಶ್ನೆ ಬಂತು. ಊರಿಗೆ ಹತ್ತು ಬೇವಿನ ಮರ ಇರುವ ನಾಡಿನಲ್ಲಿ ನಾವು ಬೇವಿನ ಹೂ ಕೊಳ್ಳುವ ಹಂತಕ್ಕೆ ಯಾವಾಗ ಬಂದೆವು? ಹಿತ್ತಲು ಎಲ್ಲಿ ಹೋಯಿತು? ಅದಕ್ಕೂ ಮೊದಲು, ಹಿತ್ತಲು ಎಲ್ಲಿಂದ ಬಂತು?

ಇದನ್ನು ಕೇಳಿಕೊಂಡು ನಾವು ಶಿವರಾತ್ರಿ ಮುಗಿದ ಮೇಲೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹಿತ್ತಲುಗಳನ್ನು ನೋಡುತ್ತ ಬಂದೆವು. "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ನಿಮಗೆ ಗೊತ್ತು. ಕಣ್ಣೆದುರು ಇರುವುದಕ್ಕೆ ಬೆಲೆ ಇಲ್ಲ ಎಂದು ಅದರ ಅರ್ಥ. ಇತಿಹಾಸ ಬರೆದವರೂ ಹಾಗೇ ಮಾಡಿದ್ದಾರೆ. ಕೋಟೆ, ಗುಡಿ, ದರ್ಗಾ, ಕಾರ್ಖಾನೆಗಳ ಬಗ್ಗೆ ಬರೆದರು. ಹಿತ್ತಲ ಬಾಗಿಲು ತೆಗೆದು ನೋಡಲಿಲ್ಲ.

ಈ ವಾರ ಹಿತ್ತಲಲ್ಲಿ

ಮೊದಲು ಈಗಿನ ಸ್ಥಿತಿ. ತೊಗರಿ ರಾಶಿ ಮುಗಿದು ಕಟ್ಟಿಗೆ ಮನೆಗೆ ಬಂದಿದೆ. ಹಿತ್ತಲು ಇರುವ ಮನೆಗಳಲ್ಲಿ ಅದೇ ತೊಗರಿ ಕಟ್ಟಿಗೆ ಬೇಲಿಯಾಗಿದೆ, ಹೀರೆ ಬಳ್ಳಿಗೆ ಚಪ್ಪರವಾಗಿದೆ. ಹೀರೆ, ಸವತೆ ಬಳ್ಳಿಗಳು ಹೂ ಬಿಟ್ಟು ಮೊದಲ ಮಿಡಿ ಹಿಡಿಯುತ್ತಿವೆ. ನುಗ್ಗೆಮರದಲ್ಲಿ ಹೂವೂ ಇದೆ, ಬೆರಳುದ್ದದ ಕಾಯಿಯೂ ಇದೆ. ಚಳಿಗಾಲದ ಮೆಂತೆ, ಕೊತ್ತಂಬರಿ ತೆನೆ ಕಟ್ಟಿ ಬೀಜಕ್ಕೆ ನಿಂತಿವೆ. ಕರಿಬೇವು ಎಲೆ ಉದುರಿಸಿ ಕೆಂಪು ಚಿಗುರು ಒಡೆದಿದೆ. ಮಾವು ಗೋಲಿಗಾತ್ರದಿಂದ ಲಿಂಬೆಗಾತ್ರಕ್ಕೆ ಬಂದಿದೆ. ಸೀತಾಫಲ ಮಾತ್ರ ಬೋಳಾಗಿ ಒಣಗಿದಂತೆ ನಿಂತಿದೆ. ಅದು ಸತ್ತಿಲ್ಲ, ಮಳೆಗಾಲಕ್ಕೆ ಕಾಯುತ್ತಿದೆ.

ನಮ್ಮ ಕಡೆ ವಸಂತ ಎಂದರೆ ಇಷ್ಟೇ, ಐದಾರು ವಾರ. ಆಮೇಲೆ 42 ಡಿಗ್ರಿ ದಾಟುವ ಬಿಸಿಲು. ಎರೆಮಣ್ಣು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕು ಬಿಟ್ಟಾಗ ಸಣ್ಣ ಬೇರು ಹರಿಯುತ್ತವೆ. ಈ ಐದಾರು ವಾರದಲ್ಲಿ ಬೇರು ಇಳಿಸಿದ ಗಿಡ ಬೇಸಿಗೆ ದಾಟುತ್ತದೆ, ಇಳಿಸದ್ದು ಒಣಗುತ್ತದೆ. ಮಳೆ ಇಲ್ಲದ ಈ ಹೊತ್ತಿನಲ್ಲಿ ಹಿತ್ತಲು ಹಸಿರಾಗಿರಬೇಕಾದರೆ ನೀರು ಎಲ್ಲಿಂದ?

ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಆಯಿ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು: "ಮಳಿ ನೀರಾಗ ಹೊಲ ಬೆಳೀತದ ತಮ್ಮಾ, ಬಚ್ಚಲ ನೀರಾಗ ಹಿತ್ತಲ ಬೆಳೀತದ."

ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಕೊನೆಗೆ ಮತ್ತೆ ಇಲ್ಲಿಗೇ ಬರುತ್ತೇವೆ.

ಅಶೋಕನ ಬೇರು, ಅಶೋಕನ ಹಣ್ಣು

ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆ ನೀವೂ ಹೋಗಿರುತ್ತೀರಿ. 1980ರ ದಶಕದಲ್ಲಿ ಆ ಗುಡಿಯ ಆವರಣದಲ್ಲಿ ಒಂದು ಕಲ್ಲು ಬೆಳಕಿಗೆ ಬಂತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು. ಪಕ್ಕದ ಕನಗನಹಳ್ಳಿಯ ಸ್ತೂಪದ ಅಗೆತದಲ್ಲಿ 'ರಾಯೋ ಅಸೋಕೋ' ಎಂದು ಹೆಸರು ಬರೆದ ಅಶೋಕನ ಶಿಲ್ಪವೇ ಸಿಕ್ಕಿತು. ಸುಮಾರು 2,250 ವರ್ಷಗಳ ಹಿಂದಿನ ಆ ದೊರೆಗೂ ನಮ್ಮ ನೆಲಕ್ಕೂ ಇರುವ ನಂಟು ಇದು.

ಅಶೋಕನ ಶಾಸನಗಳಲ್ಲಿ ಎರಡನೆಯದೊಂದಿದೆ. ಅದು ಸನ್ನತಿಯ ಕಲ್ಲಿನಲ್ಲಿಲ್ಲ, ದೇಶದ ಬೇರೆ ಕಡೆಯ ಬಂಡೆಗಳ ಮೇಲಿದೆ. ಮನುಷ್ಯರಿಗೂ ದನಕರುಗಳಿಗೂ ಔಷಧದ ವ್ಯವಸ್ಥೆ ಮಾಡಿಸಿದ್ದೇನೆ, ಔಷಧದ ಸಸಿ ಇಲ್ಲದ ಕಡೆ ತರಿಸಿ ನೆಡಿಸಿದ್ದೇನೆ, ಗಡ್ಡೆ-ಬೇರು ಮತ್ತು ಹಣ್ಣು ಇಲ್ಲದ ಕಡೆಯೂ ಹಾಗೇ ತರಿಸಿ ನೆಡಿಸಿದ್ದೇನೆ, ದಾರಿಯಲ್ಲಿ ಬಾವಿ ತೋಡಿಸಿದ್ದೇನೆ ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ.

ಯಾವ ಸಸಿ ಎಲ್ಲಿಗೆ ಹೋಯಿತು ಎಂದು ಅದರಲ್ಲಿ ಇಲ್ಲ. ಆದರೆ ಒಂದು ವಿಷಯ ಗೊತ್ತಾಗುತ್ತದೆ. ಒಂದು ಊರಿನ ಗಿಡವನ್ನು ಇನ್ನೊಂದು ಊರಿನಲ್ಲಿ ನೆಡುವುದು ಇಂದು ನಿನ್ನೆಯ ಕೆಲಸ ಅಲ್ಲ. ನೆಟ್ಟ ಗಿಡದ ಜೊತೆಗೇ ಬಾವಿಯ ಮಾತೂ ಬರುತ್ತದೆ. ನೀರಿಲ್ಲದೆ ಸಸಿ ಕೊಟ್ಟರೆ ಏನೂ ಕೊಟ್ಟಂತಲ್ಲ ಎಂಬುದು ಆಗಿನವರಿಗೂ ಗೊತ್ತಿತ್ತು.

ಶಾಸನದೊಳಗಿನ ತೋಂಟ

ಮುಂದೆ ಸಾವಿರ ವರ್ಷ ದಾಟಿ ಮಳಖೇಡಕ್ಕೆ ಬನ್ನಿ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಊರು. 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ. ಅಲ್ಲಿ 11ನೇ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವಿತ್ತು. ಪುಸ್ತಕಗಳನ್ನು ನೋಡಿಕೊಳ್ಳಲು ಸರಸ್ವತೀ ಭಂಡಾರಿಗರೂ ಇದ್ದರು.

ಆ ಕಾಲದ ಕನ್ನಡ ಶಾಸನಗಳನ್ನು ಓದಿದರೆ ದಾನದ ಪಟ್ಟಿಯಲ್ಲಿ ತೋಂಟ ಮತ್ತೆ ಮತ್ತೆ ಬರುತ್ತದೆ. ದೇವರ ಪೂಜೆಗೆ ಪೂದೋಂಟ, ವೀಳ್ಯಕ್ಕೆ ಎಲೆದೋಂಟ, ಜೊತೆಗೆ ಇಷ್ಟು ಮತ್ತರು ಹೊಲ, ಒಂದು ಗಾಣ, ಮನೆಯ ನಿವೇಶನ. ದಾನವಾಗಿ ಕೊಟ್ಟಿದ್ದನ್ನು ಕಲ್ಲಿನಲ್ಲಿ ಬರೆದರು. ಯಾರಿಗೂ ದಾನ ಕೊಡದ, ಯಾರೂ ಕಂದಾಯ ಕೇಳದ ಮನೆ ಹಿಂದಿನ ಬದನೆ ಪಾತಿ ಯಾವ ಕಲ್ಲಿಗೂ ಹತ್ತಲಿಲ್ಲ.

ಆದರೂ ಅದರ ವಿದ್ಯೆ ಪುಸ್ತಕಕ್ಕೆ ಬಂದಿದೆ. ಸುಮಾರು 1025ರಲ್ಲಿ, ಚಾಲುಕ್ಯ ದೊರೆ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಎಂಬ ಕವಿ 'ಲೋಕೋಪಕಾರ' ಎಂಬ ಕನ್ನಡ ಗ್ರಂಥ ಬರೆದ. ನೆಲದೊಳಗೆ ನೀರು ಎಲ್ಲಿದೆ ಎಂದು ಗುರುತಿಸುವುದು, ಗಿಡಮರಗಳ ಆರೈಕೆ, ದನಗಳ ರೋಗಕ್ಕೆ ಮದ್ದು, ಅಡುಗೆ ಎಲ್ಲವೂ ಅದರಲ್ಲಿವೆ. ಹೆಸರೇ ಹೇಳುವಂತೆ ಲೋಕಕ್ಕೆ ಉಪಕಾರವಾಗಲಿ ಎಂದು ಬರೆದ ಪುಸ್ತಕ. ನೀರು, ಗಿಡ, ದನ, ಒಲೆ ನಾಲ್ಕನ್ನೂ ಒಂದೇ ಪುಸ್ತಕದಲ್ಲಿ ಇಟ್ಟಿದ್ದು ಗಮನಿಸಿ. ಹಿತ್ತಲಲ್ಲೂ ಈ ನಾಲ್ಕು ಒಟ್ಟಿಗೇ ಇರುತ್ತವೆ.

ಆ ಕಾಲದ ಹಿತ್ತಲಲ್ಲಿ ಏನಿದ್ದಿರಬೇಕು? ಬದನೆ, ಹೀರೆ, ಸವತೆ, ನುಗ್ಗೆ, ಕರಿಬೇವು, ಮಾವು, ಬೇವು. ಇವೆಲ್ಲ ಭಾರತದ ನೆಲದ್ದೇ ಗಿಡಗಳು. ಹುಣಸೆ ಮೂಲತಃ ಆಫ್ರಿಕಾದ್ದು, ಆದರೆ ಬಂದು ಎಷ್ಟೋ ಕಾಲವಾಗಿ ನಮ್ಮದೇ ಆಗಿದೆ. ನಮ್ಮ ಪುಂಡಿಪಲ್ಯೆಯ ಮೂಲವೂ ಆಫ್ರಿಕಾ ಎನ್ನುತ್ತಾರೆ ಸಸ್ಯ ವಿಜ್ಞಾನಿಗಳು. ರೊಟ್ಟಿಯ ಜೋಳವೂ ಅಲ್ಲಿಂದಲೇ ಬಂದಿದ್ದು. ಜೋಳದ ರೊಟ್ಟಿ, ಪುಂಡಿಪಲ್ಯೆ ತಿಂದು "ಇದೇ ನೋಡ್ರಿ ನಮ್ಮ ಮಣ್ಣಿನ ಊಟ" ಎನ್ನುವಾಗ ಇದು ನೆನಪಿರಲಿ. ನಮ್ಮ ಮಣ್ಣು ಬಂದವರನ್ನು ಇಟ್ಟುಕೊಂಡ ಮಣ್ಣು.

ಅಮೋಘವರ್ಷ ತಿನ್ನದ ಖಾರ

ಈಗ ಒಂದು ಲೆಕ್ಕ ಹಾಕೋಣ. ಈಗಿನ ಹಿತ್ತಲಿನಿಂದ ಮೆಣಸಿನಕಾಯಿ, ಟಮಾಟೆ, ಬಟಾಟೆ, ಕುಂಬಳ, ಪೇರಲ, ಪಪ್ಪಾಯಿ, ಸೀತಾಫಲ, ಚಿಕ್ಕು ಇಷ್ಟನ್ನೂ ಕಿತ್ತು ಹಾಕಿ. ಉಳಿದದ್ದೇ ಅಮೋಘವರ್ಷ ಕಂಡ ಹಿತ್ತಲು. ಈ ಎಂಟೂ ಅಮೆರಿಕ ಖಂಡದ ಗಿಡಗಳು. 1492ರಲ್ಲಿ ಕೊಲಂಬಸ್ ಆ ಖಂಡ ಮುಟ್ಟುವ ಮೊದಲು ಇವುಗಳಲ್ಲಿ ಒಂದೂ ನಮ್ಮ ಕಡೆ ಇರಲಿಲ್ಲ. ರಾಷ್ಟ್ರಕೂಟರ ಅಡುಗೆಮನೆಯಲ್ಲಿ ಖಾರ ಎಂದರೆ ಕಾಳುಮೆಣಸು, ಶುಂಠಿ. ಕೆಂಪು ಖಾರದ ಪುಡಿ ಹಚ್ಚಿದ ರೊಟ್ಟಿಯನ್ನು ನೃಪತುಂಗ ನೋಡಿಯೂ ಇಲ್ಲ.

ಬಂದದ್ದು ಹೇಗೆ? 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಿಜಯಪುರದ ಆದಿಲ್‌ಶಾಹಿಗಳ ಕೈಯಿಂದ ಕಿತ್ತುಕೊಂಡರು. ಅವರ ಹಡಗಿನಲ್ಲಿ ಬಂದ ಬೀಜಗಳು ಬಂದರಿನಲ್ಲಿ ಇಳಿದು ದಖ್ಖನ್ ಒಳಗೆ ಬಂದವು. ಯಾವ ಫರ್ಮಾನೂ ಬೇಕಾಗಲಿಲ್ಲ. ಸಂತೆಯಲ್ಲಿ ಕೊಂಡ ಒಂದು ಒಣ ಮೆಣಸಿನಕಾಯಿ ಒಡೆದರೆ ಹಿತ್ತಲಿಗೆ ಸಾಕಾಗುವಷ್ಟು ಬೀಜ ಇರುತ್ತದೆ.

ಈ ದಾರಿ ಹೆಸರುಗಳಲ್ಲಿ ಉಳಿದಿದೆ. ಮೆಣಸಿನಂತೆ ಖಾರ ಇರುವ ಕಾಯಿ ಎಂದು ಮೆಣಸಿನಕಾಯಿ. ಹೊಸ ಗಿಡಕ್ಕೆ ಹಳೆಯ ಹೆಸರು ಜೋಡಿಸಿದರು. ಬಟಾಟೆ ಪೋರ್ಚುಗೀಸರ 'ಬಟಾಟ'. ಪೇರಲದಲ್ಲಿ ಅವರ 'ಪೇರ' ಕೇಳಿಸುತ್ತದೆ. ಗಡಿಯ ಆಚೆ ತೆಲಂಗಾಣದಲ್ಲಿ ಅದೇ ಹಣ್ಣು ಜಾಮಕಾಯಿ. ಪಪ್ಪಾಯಿಗೆ ಕನ್ನಡದಲ್ಲಿ ಇನ್ನೊಂದು ಹೆಸರು ಪರಂಗಿ, ಅಂದರೆ ಫಿರಂಗಿಯವರ ಹಣ್ಣು. ಇನ್ನು ಸೀತಾಫಲ. ಹೊರಗಿನಿಂದ ಬಂದ ಹಣ್ಣಿಗೆ ಜನ ಸೀತೆಯ ಹೆಸರನ್ನೇ ಇಟ್ಟರು. ಅದಕ್ಕಿಂತ ಹೆಚ್ಚಾಗಿ ಒಂದು ಗಿಡವನ್ನು ಮನೆಯವಳಾಗಿ ಮಾಡಿಕೊಳ್ಳುವುದು ಹೇಗೆ?

ಅತ್ತ ಕೋಟೆಯೊಳಗೂ ಭಾಷೆ ಬದಲಾಗಿತ್ತು. 1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿ ಆದಾಗಿನಿಂದ ಪಾರಸಿ ಮಾತುಗಳು ನಮ್ಮ ಹೊಲಕ್ಕೆ ಬಂದವು. ಮಳೆ ನೆಚ್ಚಿದ ಹೊಲ ಖುಷ್ಕಿ, ನೀರಾವರಿ ಗದ್ದೆ ತರಿ, ತೋಟ ಬಾಗಾಯತ್. ನಿಜಾಮರ ಕಂದಾಯದ ಕಾಗದಗಳಲ್ಲೂ ಇವೇ ಮಾತುಗಳು. ನಿಮ್ಮ ಮನೆಯ ಹಳೆಯ ಪಹಣಿಯಲ್ಲಿ ಈಗಲೂ ಹುಡುಕಿ ನೋಡಬಹುದು. ಅಂಜೂರ, ಅಂಗೂರ ಎಂಬ ಹೆಸರುಗಳೂ ಪಾರಸಿಯವೇ. ಖುಷ್ಕಿ, ತರಿ, ಬಾಗಾಯತ್ ಮೂರಕ್ಕೂ ಬೇರೆ ಬೇರೆ ದರ ಇತ್ತು. ಹಿತ್ತಲು ಈ ಮೂರರಲ್ಲೂ ಇಲ್ಲ. ಅದು ಮನೆಯ ಹಿಂದೆ, ಹೆಂಗಸರ ಕೈಕೆಳಗೆ, ಲೆಕ್ಕಕ್ಕೆ ಸಿಗದೆ ಉಳಿದುಕೊಂಡಿತು.

ರೈಲು ಬಂತು, ಕಲ್ಲು ಹೋಯಿತು

1871ರಲ್ಲಿ ಸೊಲ್ಲಾಪುರ ಕಡೆಯಿಂದ ಶಹಾಬಾದ್, ವಾಡಿ ದಾಟಿ ರಾಯಚೂರಿಗೆ ರೈಲು ಬಂತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ವಾಡಿ ಜಂಕ್ಷನ್ ಆಯಿತು. ನಾವು ಹೋದ ಐದು ಊರುಗಳಲ್ಲಿ ನಾಲ್ಕು ರೈಲಿನ ದಾರಿಯ ಮೇಲಿವೆ. ಚಿಂಚೋಳಿಗೆ ಮಾತ್ರ ಇಂದಿಗೂ ರೈಲಿಲ್ಲ.

ರೈಲು ಬಂದ ಮೇಲೆ ನಮ್ಮ ಕಾಲ ಕೆಳಗಿನ ಕಲ್ಲಿಗೆ ಬೆಲೆ ಬಂತು. ಶಹಾಬಾದ್ ಕಲ್ಲು ಎಂದು ದೇಶದ ತುಂಬ ಹೆಸರಾದ ಪರ್ಸಿ ಬಂಡೆ ಮೂಲತಃ ಸುಣ್ಣದ ಕಲ್ಲು. ಪುಸ್ತಕದ ಹಾಳೆಯಂತೆ ಪದರ ಪದರವಾಗಿ ಎದ್ದು ಬರುತ್ತದೆ. ಮನೆಯ ನೆಲಕ್ಕೆ ಅದೇ, ಗೋಡೆಗೆ ಅದೇ, ಎಷ್ಟೋ ಕಡೆ ಮಾಳಿಗೆಗೂ ಅದೇ. ಹಿತ್ತಲಿನ ಬೇಲಿಗೂ ಚಪ್ಪಡಿಗಳನ್ನು ಸಾಲಾಗಿ ನೆಟ್ಟಗೆ ಹುಗಿದಿರುತ್ತಾರೆ. ಅದೇ ಸುಣ್ಣದ ಕಲ್ಲು ಸುಟ್ಟು ಸಿಮೆಂಟ್ ಆಗುತ್ತದೆ. ಶಹಾಬಾದಿನಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಸಿಮೆಂಟ್ ಕಾರ್ಖಾನೆ ಇತ್ತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಸೇರಿತು. 1968ರಲ್ಲಿ ವಾಡಿಯಲ್ಲಿ ಕಾರ್ಖಾನೆ ಬಂತು. 1980ರ ದಶಕದಲ್ಲಿ ಸೇಡಂ, ಮಳಖೇಡದಲ್ಲೂ ಬಂದವು.

ಇದರಿಂದ ಹಿತ್ತಲಿಗೆ ಲಾಭವೂ ಆಯಿತು, ನಷ್ಟವೂ ಆಯಿತು. ರೈಲ್ವೆಯ, ಕಾರ್ಖಾನೆಯ ಕ್ವಾರ್ಟರ್ಸುಗಳಿಗೆ ತೆಲುಗರು, ಮರಾಠಿಗರು, ಉತ್ತರದವರು ಬಂದರು. ಅವರ ಜೊತೆ ಅವರ ಊರಿನ ಬೀಜವೂ ಬಂತು. ವಾಡಿಯ ಹಳೆಯ ಕ್ವಾರ್ಟರ್ಸಿನ ಹಿಂದೆ ನಡೆದು ನೋಡಿ. ಯಾರೋ ನೆಟ್ಟು ವರ್ಗವಾಗಿ ಹೋದ ಪೇರಲ, ನುಗ್ಗೆ, ಲಿಂಬೆ ಮರಗಳು ಆಮೇಲೆ ಬಂದವರಿಗೆ ಕಾಯಿ ಕೊಡುತ್ತಿವೆ. ನಷ್ಟ ಎಂದರೆ, ದೂರದ ತರಕಾರಿ ರೈಲಿನಲ್ಲಿ, ಆಮೇಲೆ ಲಾರಿಯಲ್ಲಿ ಬಂದು ಸಂತೆಯಲ್ಲಿ ಇಳಿಯತೊಡಗಿದ ಮೇಲೆ ಹಿತ್ತಲು ಇಲ್ಲದಿದ್ದರೂ ನಡೆಯುತ್ತದೆ ಎಂದಾಯಿತು. ಪಗಾರ ಇದ್ದವರಿಗೆ ನಡೆಯಿತು. ಕೂಲಿ ಮಾಡುವ ಮನೆಗೆ, ಕೂಲಿ ಇಲ್ಲದ ದಿನ ನಡೆಯಲಿಲ್ಲ.

ಈ ನೆಲದ ಗುಣ ಒಂದಿಷ್ಟು ತಿಳಿಯಬೇಕು. ಶಹಾಬಾದ್, ವಾಡಿ ಕಡೆ ಎಷ್ಟೋ ಮನೆಗಳಲ್ಲಿ ಎರಡು ಮೂರು ಅಡಿ ಅಗೆದರೆ ಬಂಡೆ ಬರುತ್ತದೆ. ಅದಕ್ಕೇ ಅಲ್ಲಿ ಸೀತಾಫಲ, ಬೇವು, ಹುಣಸೆ ನಿಲ್ಲುತ್ತವೆ, ಬೇರೆ ಮರ ಸೊರಗುತ್ತವೆ. ಸುಣ್ಣದ ಅಂಶ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ನಿಮ್ಮ ಲಿಂಬೆಗಿಡದ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದೇ ಕಾರಣ ಇರಬಹುದು. ಇಂಥ ನೆಲಕ್ಕೆ ಒಲೆಯ ಬೂದಿ ಸುರಿದರೆ ತೊಂದರೆ ಹೆಚ್ಚಾಗುತ್ತದೆ. ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಹಾಕಿದರೆ ಕಡಿಮೆಯಾಗುತ್ತದೆ. ದನ ಇದ್ದ ಮನೆಯ ಹಿತ್ತಲು ಯಾಕೆ ಚೆನ್ನಾಗಿತ್ತು, ದನ ಮಾರಿದ ಮೇಲೆ ಯಾಕೆ ಸೊರಗಿತು ಎಂಬುದಕ್ಕೆ ಇದೂ ಒಂದು ಉತ್ತರ.

ಚಿಂಚೋಳಿಯ ಲೆಕ್ಕ ಬೇರೆ. ಅಲ್ಲಿ ಹಲವೆಡೆ ಕೆಂಪು ಮಣ್ಣು, ಕಾಡು, ಮುಲ್ಲಾಮಾರಿ ಹೊಳೆ, ಚಂದ್ರಂಪಳ್ಳಿಯ ಕೆರೆ. 2011ರಲ್ಲಿ ಆ ಕಾಡು ವನ್ಯಜೀವಿಧಾಮ ಆಯಿತು. ತಾಂಡಾಗಳ ಹೆಂಗಸರಿಗೆ ಹಿತ್ತಲು ಮನೆಯ ಹಿಂದೆ ಮುಗಿಯುತ್ತಿರಲಿಲ್ಲ. ಬಾರೆ, ಕವಳಿ, ತುಮರಿ ಹಣ್ಣು ಕಾಡಿನಿಂದ, ಸೊಪ್ಪು ಹೊಲದ ಬದುವಿನಿಂದ. ಅಲ್ಲಿ ಈಗ ಮಂಗಗಳ ಕಾಟ ಹೆಚ್ಚು ಎಂದು ನಾವು ಹೋದ ಮನೆಯಲ್ಲೆಲ್ಲ ಹೇಳಿದರು. ಪೇರಲ ಹಣ್ಣಾಗುವವರೆಗೆ ಉಳಿಯುವುದಿಲ್ಲ. ಮೆಣಸಿನಕಾಯಿ, ಪುಂಡಿ ಉಳಿಯುತ್ತವೆ.

ಪಾಲಾಗದ ಬಾವಿ, ಪಾಲಾದ ಹಿತ್ತಲು

ಹಿತ್ತಲು ಕಳೆದುಹೋದದ್ದು ಬರದಿಂದ ಎಂದು ನಾವು ಮೊದಲು ತಿಳಿದಿದ್ದೆವು. ಹಿರಿಯರು ಹಾಗೆ ಹೇಳಲಿಲ್ಲ. 1972ರ ಬರ ಅವರಿಗೆ ನೆನಪಿದೆ. ಹೊಲ ಬೆಳೆಯಲಿಲ್ಲ. ಆದರೆ ನುಗ್ಗೆಸೊಪ್ಪು, ಹುಣಸೆ ಚಿಗುರು ತಿಂದು ದಿನ ದೂಡಿದೆವು ಎಂದರು. ಬರದಲ್ಲಿ ಹಿತ್ತಲು ಮನೆಯನ್ನು ಕಾಯ್ದಿತ್ತು.

ಹಿತ್ತಲನ್ನು ತಿಂದದ್ದು ಬೇರೆ ಮೂರು.

ಮೊದಲನೆಯದು ಪಾಲು. ಶಹಾಬಾದಿನ ಹತ್ತಿರದ ಮರತೂರು, 'ಮಿತಾಕ್ಷರ' ಬರೆದ ವಿಜ್ಞಾನೇಶ್ವರನ ಊರೆಂದು ಹೆಸರಾಗಿದೆ. ಆರನೆಯ ವಿಕ್ರಮಾದಿತ್ಯನ ಕಾಲದ ಆ ಪಂಡಿತ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಎಂದ. ದೇಶದ ಹೆಚ್ಚಿನ ಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ಅವನ ಮಾತಿನ ಮೇಲೆ ನಡೆದುಬಂತು. ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಬಾವಿಯನ್ನು ಪಾಲು ಮಾಡುವಂತಿಲ್ಲ, ಅದರ ಬೆಲೆ ಕಟ್ಟಿ ಹಂಚುವಂತೆಯೂ ಇಲ್ಲ, ಅಣ್ಣತಮ್ಮಂದಿರು ಸರದಿಯಂತೆ ನೀರು ಸೇದಬೇಕು.

ಬಾವಿಗೆ ಸಿಕ್ಕ ಈ ರಕ್ಷಣೆ ಹಿತ್ತಲಿಗೆ ಸಿಗಲಿಲ್ಲ. ಮೂವರು ಅಣ್ಣತಮ್ಮಂದಿರು ಬೇರೆಯಾದರೆ ಹಿತ್ತಲು ಮೂರು ತುಂಡು. ನಡುವೆ ಗೋಡೆ. ಆಮೇಲೆ ಮಗನ ಮದುವೆಗೆ ಒಂದು ಖೋಲಿ. ಹಿತ್ತಲನ್ನು ಬೆಳೆಸಿದವರು ಹೆಂಗಸರು, ಪಾಲಿನ ಮಾತಿಗೆ ಕೂತವರು ಗಂಡಸರು. ಆಕೆ ನೆಟ್ಟ ಪೇರಲ ಮರ ಯಾರ ಪಾಲಿಗೆ ಹೋಯಿತು ಎಂದು ಆಕೆಗೆ ಗೋಡೆ ಎದ್ದ ಮೇಲೇ ತಿಳಿದದ್ದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂದಿದೆ. ಕಾಗದದಲ್ಲಿ ಬಂದದ್ದು ಮನೆಯೊಳಗೆ ಬರುವುದು ಇನ್ನೂ ಬಾಕಿ ಇದೆ.

ಎರಡನೆಯದು ಪರ್ಸಿ. ಕೈಯಲ್ಲಿ ನಾಲ್ಕು ಕಾಸು ಬಂದರೆ ಮೊದಲು ಅಂಗಳಕ್ಕೆ, ಆಮೇಲೆ ಹಿತ್ತಲಿಗೆ ಕಲ್ಲು ಹಾಸುವುದು ಮರ್ಯಾದೆಯ ಮಾತಾಯಿತು. ಕೆಸರಿಲ್ಲ, ಹಾವು-ಚೇಳಿನ ಭಯವಿಲ್ಲ, ನಿಜ. ಆದರೆ ಬಿಸಿಲಿಗೆ ಕಾದ ಕಲ್ಲು ರಾತ್ರಿಯವರೆಗೂ ಮನೆಯನ್ನು ಕಾಯಿಸುತ್ತದೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಚರಂಡಿ. ಓಣಿಗೆ ಸಿಸಿ ರಸ್ತೆ ಬಂತು, ಪಕ್ಕಕ್ಕೆ ಚರಂಡಿ ಬಂತು, ಮನೆಗೆ ನಲ್ಲಿ ಬಂತು. ಇವು ಬೇಕಾಗಿದ್ದವು. ಕೊಡ ಹೊತ್ತು ನಡು ಮುರಿದುಕೊಂಡ ಹೆಂಗಸರು ನಲ್ಲಿ ಬೇಡ ಎನ್ನುವುದಿಲ್ಲ, ನಾವೂ ಎನ್ನುವುದಿಲ್ಲ. ಆದರೆ ಹಿಂದಿನ ಬಚ್ಚಲಿನ ಬಾಯಿ ಹಿತ್ತಲಿಗೆ ಇತ್ತು. ಈಗಿನ ಬಚ್ಚಲಿನ ಪೈಪು ರಸ್ತೆಗೆ ಇದೆ. ಮನೆಗೆ ಬರುವ ನೀರು ಹೆಚ್ಚಾಯಿತು, ಹಿತ್ತಲಿಗೆ ಹೋಗುವ ನೀರು ನಿಂತಿತು. ಆಯಿ ಹೇಳಿದ ಮಾತಿನ ಅರ್ಥ ನಮಗೆ ಪೂರ್ತಿ ತಿಳಿದದ್ದು ಇಲ್ಲಿ.

ಲೆಕ್ಕ ಮಾಡಿ ನೋಡಿ. ಐದು ಜನರ ಮನೆ. ಒಬ್ಬರಿಗೆ ಒಂದು ಬಕೆಟ್, ಹದಿನೈದರಿಂದ ಇಪ್ಪತ್ತು ಲೀಟರ್ ಸ್ನಾನದ ನೀರು ಎಂದರೂ ದಿನಕ್ಕೆ 75ರಿಂದ 100 ಲೀಟರ್. ಪಾತ್ರೆ ತೊಳೆದ ನೀರು ಬೇರೆ. ಒಂದು ನುಗ್ಗೆ, ಒಂದು ಲಿಂಬೆ, ಎರಡು ಬಾಳೆ, ನಾಲ್ಕು ಬಳ್ಳಿ ಬದುಕಲು ಅಷ್ಟು ಸಾಕು. ಬಚ್ಚಲ ಬಾಯಿಗೆ ಬಾಳೆ, ಕೆಸು ಹಚ್ಚಿ, ಅವು ಕುಡಿದು ಮಿಕ್ಕ ನೀರು ಮುಂದೆ ಲಿಂಬೆಗೆ ಹರಿಯುವಂತೆ ಸಣ್ಣ ಕಾಲುವೆ ತೆಗೆಯುತ್ತಿದ್ದವರಿಗೆ ಈ ಲೆಕ್ಕ ಯಾರೂ ಕಲಿಸಿರಲಿಲ್ಲ.

ಮತ್ತೆ ಬಚ್ಚಲ ಬಾಯಿಗೆ

ಹಳೆಯದೆಲ್ಲ ಚೆನ್ನ ಎಂದು ನಾವು ಹೇಳುತ್ತಿಲ್ಲ. ಆಗ ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ, ಪಾತ್ರೆಗೆ ಬೂದಿ. ಈಗ ಸೋಪು, ಶಾಂಪೂ, ಬಟ್ಟೆಯ ಪುಡಿ. ಬಟ್ಟೆ ಒಗೆದ ಪುಡಿಯ ನೀರನ್ನು ಹಿತ್ತಲಿಗೆ ಬಿಡದಿರುವುದು ಒಳ್ಳೆಯದು, ಅದರ ಉಪ್ಪು ಮಣ್ಣನ್ನು ಕೆಡಿಸುತ್ತದೆ. ಸ್ನಾನದ ನೀರು ಮರದ, ಬಳ್ಳಿಯ ಬುಡಕ್ಕೆ ಹೋಗಲಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಮೆಂತೆಗೆ ಬೇಡ, ಅವಕ್ಕೆ ಒಳ್ಳೆಯ ನೀರೇ ಬೇಕು. ನೀರು ನಿಲ್ಲಬಾರದು, ನಿಂತರೆ ಸೊಳ್ಳೆ. ಪಂಚಾಯಿತಿಯಿಂದ ಉದ್ಯೋಗ ಖಾತ್ರಿಯಲ್ಲಿ ಬಚ್ಚಲುಗುಂಡಿ ತೋಡಿಸಿಕೊಂಡ ಮನೆಗಳನ್ನು ನಾವು ಕಂಡೆವು. ಅವರಲ್ಲಿ ಕೆಲವರು ಗುಂಡಿಯ ಪಕ್ಕಕ್ಕೇ ಪಪ್ಪಾಯಿ, ನುಗ್ಗೆ ಹಚ್ಚಿದ್ದಾರೆ. ಗುಂಡಿ ಸರ್ಕಾರದ್ದು, ಗಿಡದ ಬುದ್ಧಿ ಅತ್ತೆಯದು ಎಂದು ಒಬ್ಬ ಸೊಸೆ ನಕ್ಕರು.

ಸೇಡಂ ತಾಲ್ಲೂಕಿನ ಆ ಆಯಿಯ ಹಿತ್ತಲು ಈಗ ಒಂದು ಮಂಚದಷ್ಟು ಅಗಲ. ಮೂರು ಪಾಲಾಗಿ ಉಳಿದದ್ದು ಅಷ್ಟೇ. ಅದರಲ್ಲೇ ಒಂದು ಕರಿಬೇವು, ಒಂದು ಹೀರೆ ಬಳ್ಳಿ, ಆರು ಮೆಣಸಿನ ಗಿಡ, ಮೂಲೆಯಲ್ಲಿ ಪುಂಡಿ. ಬಚ್ಚಲ ಪೈಪಿಗೆ ಅವರು ಒಂದು ಹಳೆಯ ಟೈರಿನ ತುಂಡು ಸಿಕ್ಕಿಸಿ ನೀರನ್ನು ಒಳಕ್ಕೆ ತಿರುಗಿಸಿಕೊಂಡಿದ್ದಾರೆ. ಗೋಡೆಯ ಮೇಲೆ ಹಾದು ಹೋದ ಹೀರೆ ಬಳ್ಳಿ ಮೈದುನನ ಪಾಲಿನ ಕಡೆ ಕಾಯಿ ಬಿಟ್ಟಿದೆ. "ಅವರೂ ಕೊಯ್ಕೋತಾರ, ನಾವೂ ಕೊಯ್ಕೋತೀವಿ. ಬಳ್ಳಿಗೇನ್ ಪಾಲ್ ಗೊತ್ತಾಗ್ತದೇನು?" ಎಂದರು. ಬಾವಿಗೆ ವಿಜ್ಞಾನೇಶ್ವರ ಬರೆದ ನಿಯಮವನ್ನು ಆ ಎರಡು ಮನೆಗಳು ಬಳ್ಳಿಗೂ ನಡೆಸಿಕೊಂಡು ಹೋಗುತ್ತಿವೆ.

ಬೀಜ ಎಲ್ಲಿಯದು ಎಂದು ಕೇಳಿದೆವು. ಹೀರೆಯದು ತವರುಮನೆಯದು, ಚಿಂಚೋಳಿ ಕಡೆಯದು. ಮೆಣಸಿನದು ವಾಡಿಯಲ್ಲಿ ಕೆಲಸಕ್ಕಿದ್ದ ಅಳಿಯನ ನೆರೆಮನೆಯವರು ಕೊಟ್ಟದ್ದು. ಕರಿಬೇವು ಯಾರು ನೆಟ್ಟರೋ, ತಾವು ಮದುವೆಯಾಗಿ ಬಂದಾಗಲೇ ಇತ್ತು. ಒಂದು ಮಂಚದಗಲದ ಜಾಗದಲ್ಲಿ ಮೂರು ಊರಿನ ದಾರಿ ಕೂಡಿದೆ. ಇದು ಯಾವ ಶಾಸನದಲ್ಲೂ ಇಲ್ಲ. ಆಕೆಗೆ ಗೊತ್ತು, ಈಗ ನಮಗೆ ಗೊತ್ತಾಯಿತು. ಕೇಳದೆ ಬಂದಿದ್ದರೆ ಆಕೆಯ ಜೊತೆಗೇ ಹೋಗುತ್ತಿತ್ತು.

ಈ ಯುಗಾದಿಗೆ ನಿಮ್ಮಲ್ಲಿ ಎರಡು ಕೋರಿಕೆ. ಹಬ್ಬದ ದಿನ ಮನೆಯ ಹಿರಿಯ ಹೆಣ್ಣುಮಕ್ಕಳ ಹತ್ತಿರ ಕುಳಿತು, ನಿಮ್ಮ ಹಿತ್ತಲಲ್ಲಿ ಮೊದಲು ಏನೇನಿತ್ತು, ಯಾವ ಬೀಜ ಯಾರ ಮನೆಯಿಂದ ಬಂತು ಎಂದು ಕೇಳಿ ಮೊಬೈಲಿನಲ್ಲೇ ಧ್ವನಿ ಮುದ್ರಿಸಿಕೊಳ್ಳಿ. ಇನ್ನೊಂದು, ನಿಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಎದ್ದು ಹೋಗಿ ನೋಡಿ. ರಸ್ತೆಗೆ ಹೋಗುತ್ತಿದ್ದರೆ, ಅದರ ದಾರಿಗೆ ಒಂದು ನುಗ್ಗೆಯ ಟೊಂಗೆ ಹುಗಿಯುವಷ್ಟು ಜಾಗ ಉಳಿದಿದೆಯೇ ನೋಡಿ. ಈಗ ಹುಗಿದ ಟೊಂಗೆ ನೀರು ಸಿಕ್ಕರೆ ಮಳೆಗಾಲದ ಹೊತ್ತಿಗೆ ಸೊಪ್ಪು ಕೊಡುತ್ತದೆ.